ಹೇಳದ ಹೊರತು

ಇಂಗ್ಲಿಷ್ ವ್ಯಾಕರಣದ ಮೇಷ್ಟ್ರೆಂದರೆ ಮಕ್ಕಳ ಪಾಲಿಗೆ ಹಬ್ಬದ ದಿನ ಸಾಲ ಕೇಳಲು ಬಂದವನಿದ್ದಂತೆ. ಇದನ್ನು ನಾನು ಚೆನ್ನಾಗಿ ಬಲ್ಲೆ. ನಾನು ತರಗತಿಯ ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಒಂದು ನಿಟ್ಟುಸಿರು ಹರಿದುಹೋಗುತ್ತದೆ. ಅದರಲ್ಲಿಯೂ ‘ಕ್ಲಾಜು’ಗಳ ಪಾಠ ನಡೆಯುವ ವಾರವಂತೂ ನನ್ನನ್ನು ಕಂಡರೆ ಮೆಟ್ಟಲ ಮೇಲಿನ ಬೆಕ್ಕು ಕೂಡ ಎದ್ದುಹೋಗುತ್ತದೆ. ‘ಈಗ ಕ್ಲಾಸಿನಲ್ಲಿ ಕ್ಲಾಜು, ಕ್ಲಾಜಿನಲ್ಲಿ ಕ್ಲಾಸು’ ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದ್ದನ್ನು ನಾನು ಕೇಳಿಸಿಕೊಂಡೂ ಕೇಳದವನಂತಿದ್ದೇನೆ.

ಆದರೆ ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮಕ್ಕಳ ತಪ್ಪನ್ನಲ್ಲ, ನನ್ನದನ್ನು.

ಮೂರು ವರ್ಷದ ಹಿಂದಿನ ಮಾತು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಕುಂದಾಪುರದ ಕಡೆಯಿಂದ ಬಂದು ತ್ಯಾಗರಾಯನಗರದ ಹೋಟಲೊಂದರಲ್ಲಿ ಅಡಿಗೆಗೆ ನಿಂತವರು. ಮನೆಯಲ್ಲಿ ಕುಂದಾಪುರದ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಪುಸ್ತಕದ ಕನ್ನಡ. ಇವುಗಳ ಮೇಲೆ ನಾನು ಹೇರುವ ಇಂಗ್ಲಿಷು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಒಂದು ವಾಕ್ಯ ಕೊಟ್ಟು, ಅದರಲ್ಲಿರುವ ಉಪವಾಕ್ಯಕ್ಕೆ ಅಡಿಗೆರೆ ಎಳೆದು ಅದರ ಜಾತಿಯನ್ನು ಬರೆಯಿರಿ ಎಂದು ಕೇಳಿದ್ದೆ. ‘ಯು ವಿಲ್ ಫೇಲ್ ಅನ್‌ಲೆಸ್ ಯು ವರ್ಕ್ ಹಾರ್ಡ್’ ಎಂಬ, ಎಲ್ಲ ವ್ಯಾಕರಣಗಳಲ್ಲಿಯೂ ಕುಳಿತು ಮಕ್ಕಳನ್ನು ಹೆದರಿಸುವ ಹಳೆಯ ವಾಕ್ಯವೇ ಅದು. ಹುಡುಗ ‘ಅನ್‌ಲೆಸ್’ನಿಂದ ಕೊನೆಯವರೆಗೆ ನೆಟ್ಟಗೆ ಗೆರೆ ಎಳೆದು, ‘ಅಡ್ವರ್ಬ್ ಕ್ಲಾಜ್ ಆಫ್ ಕಂಡಿಷನ್’ ಎಂದು ಮುತ್ತಿನಂಥ ಅಕ್ಷರಗಳಲ್ಲಿ ಬರೆದಿದ್ದ. ಎರಡಕ್ಕೆ ಎರಡು ಅಂಕ ಕೊಟ್ಟೆ.

ಅದಾದ ಕೆಲವೇ ದಿನಗಳಲ್ಲಿ ಅವನು ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದವನು, ಪಾಠ ಮುಗಿದ ಮೇಲೆ ನನ್ನ ಮೇಜಿನ ಬಳಿ ನಿಂತು ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದ. ಅವನ ಅಜ್ಜಿಗೆ ರಕ್ತದ ಒತ್ತಡದ ಮಾತ್ರೆ ಬರೆದುಕೊಟ್ಟ ಚೀಟಿ. ಅದರ ಕೆಳಗೆ ಹೀಗಿತ್ತು: ‘ಡು ನಾಟ್ ಸ್ಟಾಪ್ ದಿ ಟ್ಯಾಬ್ಲೆಟ್ ಅನ್‌ಲೆಸ್ ದಿ ಡಾಕ್ಟರ್ ಟೆಲ್ಸ್ ಯು.’ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ಅವನೊಬ್ಬನೆ. ಅಜ್ಜಿ ಓದಿ ಹೇಳೆಂದಾಗ ಓದಿ ಹೇಳಿದ್ದ: “ಮಾತ್ರೆ ನಿಲ್ಲಿಸಿ ಅಂತ ಡಾಕ್ಟರು ಹೇಳ್ತಾರೆ ಅಜ್ಜಿ.” ಅಜ್ಜಿ ಸಂತೋಷದಿಂದ ನಿಲ್ಲಿಸಿದರು. ಐದನೆಯ ದಿನ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದರು. ದೇವರ ದಯೆಯಿಂದ ಮೂಳೆ ಮುರಿಯಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

“ಹೀಗೇಕೆ ಓದಿದೆ?” ಎಂದು ಕೇಳಿದೆ. ಅವನು ಅಳಲಿಲ್ಲ, ಲೆಕ್ಕ ಒಪ್ಪಿಸುವವನಂತೆ ಹೇಳಿದ. “ಇಂಗ್ಲಿಷ್ ವಾಕ್ಯವನ್ನು ಕೊನೆಯಿಂದ ಬಿಡಿಸಬೇಕು ಅಂತ ನೀವೇ ಹೇಳಿದ್ದಿರಿ ಸಾರ್. ಡಾಕ್ಟರ್ ಟೆಲ್ಸ್ ಯು, ಡಾಕ್ಟರು ಹೇಳುತ್ತಾರೆ. ಸ್ಟಾಪ್ ದಿ ಟ್ಯಾಬ್ಲೆಟ್, ಮಾತ್ರೆ ನಿಲ್ಲಿಸು. ನಡುವೆ ‘ನಾಟ್’ ಇದೆ, ‘ಅನ್‌ಲೆಸ್’ ಇದೆ. ಎರಡೂ ‘ಇಲ್ಲ’ವೇ ಅಲ್ಲವೆ ಸಾರ್? ಋಣವನ್ನು ಋಣದಿಂದ ಗುಣಿಸಿದರೆ ಧನ.”

ಲೆಕ್ಕದ ಮೇಷ್ಟ್ರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರೇನೋ! ನನಗೆ ಮಾತ್ರ ಮಾತು ಹೊರಡಲಿಲ್ಲ. ಆ ಉಪವಾಕ್ಯದ ಕುಲಗೋತ್ರಗಳನ್ನೆಲ್ಲ ಬಲ್ಲ ಹುಡುಗನಿಗೆ ಅದು ಏನು ಹೇಳುತ್ತದೆಂಬುದೇ ತಿಳಿದಿರಲಿಲ್ಲ. ತಿಳಿಯದ್ದಕ್ಕೆ ಎರಡಕ್ಕೆ ಎರಡು ಕೊಟ್ಟವನು ನಾನು.

ಅಲ್ಲಿಂದ ಮುಂದೆ ಉಪವಾಕ್ಯಗಳ ಹೆಸರನ್ನು ಮೂಲೆಗಿಟ್ಟು ಪಾಠವನ್ನು ಬೇರೆ ತುದಿಯಿಂದ ಪ್ರಾರಂಭಿಸಿದೆ. ಮೊದಲ ಪ್ರಯತ್ನ ನಗೆಪಾಟಲಾಯಿತು. ವಾಕ್ಯವೆಂಬುದು ರೈಲುಗಾಡಿ, ಕ್ರಿಯಾಪದವೇ ಎಂಜಿನ್ನು. ಕನ್ನಡದಲ್ಲಿ ಅದು ಹಿಂದಿನಿಂದ ತಳ್ಳುತ್ತದೆ, ಇಂಗ್ಲಿಷಿನಲ್ಲಿ ಮುಂದಿನಿಂದ ಎಳೆಯುತ್ತದೆ ಎಂದು ಉತ್ಸಾಹದಿಂದ ವರ್ಣಿಸಿದೆ. ಒಬ್ಬಳು ಎದ್ದುನಿಂತು, “ಮಾಂಬಲದ ರೈಲಿಗೆ ಎಂಜಿನ್ನೇ ಇಲ್ಲವಲ್ಲ ಸಾರ್!” ಎಂದಳು. ನಿಜವೆ. ಬೀಚ್–ತಾಂಬರಂ ಮಾರ್ಗದಲ್ಲಿ 1931ರಿಂದ ವಿದ್ಯುತ್ ರೈಲು ಓಡುತ್ತಿದೆ. ನನ್ನ ಮಕ್ಕಳು ಕಂಡ ಗಾಡಿಗೆ ಎರಡು ತುದಿಯೂ ಮುಂದೆಯೆ. ರೈಲನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಹಲಗೆಯ ಮೇಲೆ ಕನ್ನಡ ವಾಕ್ಯವನ್ನೇ ಬರೆದೆ: ‘ಮಳೆ ನಿಂತರೆ ಬರುತ್ತೇನೆ ಎಂದು ಹೇಳಿದ ಮನುಷ್ಯ ಬಾಗಿಲಲ್ಲಿದ್ದಾನೆ.’ ಅದರ ಕೆಳಗೆ ಇಂಗ್ಲಿಷ್: ‘ದಿ ಮ್ಯಾನ್ ಹೂ ಸೇಡ್ ದಟ್ ಹಿ ವುಡ್ ಕಮ್ ಇಫ್ ದಿ ರೈನ್ ಸ್ಟಾಪ್ಡ್ ಈಸ್ ಅಟ್ ದಿ ಡೋರ್.’ ಎರಡನ್ನೂ ಗೆರೆ ಎಳೆದು ಜೋಡಿಸಿರೆಂದೆ. ಗೆರೆಗಳೆಲ್ಲ ಒಂದನ್ನೊಂದು ಕತ್ತರಿಸಿದುವು. ಕನ್ನಡದಲ್ಲಿ ಮಳೆ, ಬರುವುದು, ಹೇಳಿದ್ದು, ಮನುಷ್ಯ. ಇಂಗ್ಲಿಷಿನಲ್ಲಿ ಮನುಷ್ಯ, ಹೇಳಿದ್ದು, ಬರುವುದು, ಮಳೆ. ಕನ್ನಡಿಯಲ್ಲಿ ಮುಖ ನೋಡಿದಂತೆ! ಬಾಗಿಲೊಂದೇ ಎರಡರಲ್ಲಿಯೂ ಕೊನೆಯಲ್ಲಿ ನಿಂತಿತ್ತು. ನಮ್ಮ ‘ಬರುತ್ತೇನೆ’ ಅಲ್ಲಿ ‘ಅವನು ಬರುವನು’ ಆಗಿಬಿಟ್ಟದ್ದನ್ನು ಕಂಡು, “ಅವರು ಇನ್ನೊಬ್ಬರ ಮಾತನ್ನು ಇದ್ದಂತೆ ಹೇಳುವುದೇ ಇಲ್ಲವೆ?” ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ, ಅದಕ್ಕೆ ಒಂದು ವಾರ ಹಿಡಿಯಿತು.

ತಮಿಳಿನಲ್ಲಿ ಈ ತೊಡಕಿಲ್ಲವೆಂಬುದು ಮಕ್ಕಳಿಗೇ ಹೊಳೆಯಿತು. ‘ನಿನ್ನೆ ಬಂದ ಹುಡುಗ’ನಿಗೆ ‘ನೇತ್ತು ವಂದ ಪೈಯನ್’ ಎಂದರಾಯಿತು. ಅಂಗಿ ಬದಲಾಯಿತು, ಆಳು ಅವನೇ. ಈ ನಂಟನ್ನು ಇದೇ ಊರಿನಲ್ಲಿ ಕಲೆಕ್ಟರನಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸನು 1816ರಲ್ಲಿಯೇ ತೋರಿಸಿಕೊಟ್ಟಿದ್ದ: ತಮಿಳು, ತೆಲುಗು, ಕನ್ನಡಗಳು ಒಂದೇ ಮನೆತನದವೆಂದು. ಅದಕ್ಕೂ ಮೊದಲೇ, 1812ರಲ್ಲಿ, ಕಂಪನಿಯ ತರುಣ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಇಲ್ಲಿ ಹುಟ್ಟಿತ್ತು. ಜಾನ್ ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿ, ರೀವನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿಯೇ ಅಚ್ಚಾದುವು. ಕ್ರಿಯಾಪದ ಎಂದು ಬಂದೀತೋ ಎಂದು ಕನ್ನಡ ವಾಕ್ಯದ ಕೊನೆಯವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಆ ದೊರೆಗಳನ್ನು ನೆನೆದಾಗ ನನ್ನ ಮಕ್ಕಳಿಗೆ ಬಹಳ ಸಮಾಧಾನವಾಯಿತು. ನನಗೂ ಆಯಿತೆನ್ನಿ.

ಇನ್ನು ಆ ‘ಅನ್‌ಲೆಸ್’. ಕನ್ನಡದ ಪಾಠದಲ್ಲಿ ಮಕ್ಕಳು ಕೃದಂತಗಳನ್ನು ಕಲಿತೇ ಇರುತ್ತಾರೆ: ಹೇಳಿದ, ಹೇಳುವ, ಹೇಳದ. ಈ ಮೂರನೆಯದು, ನಿಷೇಧ ಕೃದಂತ, ನಮ್ಮ ಭಾಷೆಯ ಭಾಗ್ಯ. ‘ಹೇಳದ’ ಎಂಬ ಮೂರಕ್ಷರದ ಹೊಟ್ಟೆಯಲ್ಲಿಯೇ ‘ಇಲ್ಲ’ ಅಡಗಿದೆ. ‘ಡಾಕ್ಟರು ಹೇಳದ ಹೊರತು ಮಾತ್ರೆ ನಿಲ್ಲಿಸಬೇಡಿ’ ಎಂದಾಗ ಹೇಳಿಲ್ಲವೆಂಬುದು ಕ್ರಿಯೆಯ ಮೇಲೆಯೇ ಕಾಣುತ್ತದೆ. ಇಂಗ್ಲಿಷಿನಲ್ಲಿ ಕ್ರಿಯೆ ‘ಟೆಲ್ಸ್’ ಎಂದು ಸಾಧುವಿನಂತೆ ನಿಂತಿದೆ; ನಿಷೇಧವನ್ನೆಲ್ಲ ಅದರ ಹಿಂದಿರುವ ‘ಅನ್‌ಲೆಸ್’ ನುಂಗಿ ಕುಳಿತಿದೆ. ಹುಡುಗ ‘ಟೆಲ್ಸ್’ ಅನ್ನು ನೋಡಿದ, ‘ಹೇಳುತ್ತಾರೆ’ ಎಂದ. ಎರಡು ಋಣಗಳನ್ನು ಗುಣಿಸಿದ್ದೂ ತಪ್ಪೆ. ಒಂದು ‘ಇಲ್ಲ’ ಮಾತ್ರೆಗೆ ಸೇರಿದ್ದು, ಇನ್ನೊಂದು ಡಾಕ್ಟರಿಗೆ. ಬೇರೆ ಬೇರೆ ಮನೆಯ ಋಣಗಳನ್ನು ಒಂದೇ ಖಾತೆಯಲ್ಲಿ ತೀರಿಸಲಾದೀತೆ? ಕೃದಂತವನ್ನು ಕನ್ನಡ ಪಂಡಿತರಿಂದ ಒಂದು ಗಂಟೆ ಸಾಲ ತಂದಿದ್ದರೆ ಈ ವಾಕ್ಯವನ್ನು ನಾನು ಹತ್ತು ನಿಮಿಷದಲ್ಲಿ ಕಲಿಸಬಹುದಾಗಿತ್ತು. ಅಷ್ಟು ವರ್ಷ ನನಗೆ ಅದು ತೋಚಲಿಲ್ಲ.

ಅಜ್ಜಿಯನ್ನು ನೋಡಲು ಹೋಗಿದ್ದೆ. ತಪ್ಪೊಪ್ಪಿಕೊಳ್ಳಬೇಕೆಂದು ಹೋದವನಿಗೆ ಅವರು ಕಾಫಿ ಕೊಟ್ಟು, “ಮಗುವನ್ನು ಗದರಬೇಡಿ ಮೇಷ್ಟ್ರೆ. ನನಗೂ ಆ ಮಾತ್ರೆ ಬೇಡವಾಗಿತ್ತು” ಎಂದು ನಕ್ಕರು. ಹುಡುಗ ನಗಲಿಲ್ಲ. ಮಾತ್ರೆಯ ಡಬ್ಬಿಯ ಮೇಲೆ ಅವನು ಕನ್ನಡದಲ್ಲಿ ಬರೆದು ಅಂಟಿಸಿದ್ದ ಕಾಗದ ನನ್ನ ಕಣ್ಣಿಗೆ ಬಿತ್ತು. ‘ಹೇಳದ’ ಎಂಬ ಪದದ ಕೆಳಗೆ ಎರಡು ಗೆರೆಗಳಿದ್ದುವು.

ಈಗ ಎಂಟನೆಯ ತರಗತಿಯಲ್ಲಿರುವವರಿಗೆ ರಜೆಯ ಕೆಲಸವಾಗಿ ಒಂದೇ ಒಂದು ವಾಕ್ಯವನ್ನು ಇಲ್ಲಿ ಬರೆಯುತ್ತೇನೆ: ‘ದಿ ಶಾಪ್ ವಿಲ್ ನಾಟ್ ಓಪನ್ ಅನ್‌ಟಿಲ್ ದಿ ಮ್ಯಾನ್ ಹೂ ಹ್ಯಾಸ್ ದಿ ಕೀ ಕಮ್ಸ್.’ ಇದನ್ನು ನಿಮ್ಮ ಅಜ್ಜಿಗೆ ತಿಳಿಯುವಂಥ ಕನ್ನಡದಲ್ಲಿ ಬರೆದು, ಶಾಲೆ ತೆರೆದ ದಿನ ನನ್ನ ಮೇಜಿನ ಮೇಲಿಡಿ. ಉಪವಾಕ್ಯದ ಹೆಸರನ್ನು ಬರೆಯಬೇಕಾದುದಿಲ್ಲ.