ಕಬ್ಬಿನ ಅಂಗಳದಲ್ಲಿ ವ್ಯವಹಾರಶಾಸ್ತ್ರ

ವ್ಯಾಪಾರವನ್ನು ಕಲಿಯುವದಕ್ಕೆ ನಮ್ಮ ಹಿರಿಯರು ಯಾವ ಪಾಠಶಾಲೆಗೂ ಹೋಗುತ್ತಿರಲಿಲ್ಲ. ಹುಡುಗನು ಹಲವು ವರ್ಷ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ತಕ್ಕಡಿಯನ್ನು ಹಿಡಿದು, ಉದ್ರಿಯ ಖಾತೆಯನ್ನು ಬರೆದು, ಗಿರಾಕಿಯ ಮೋರೆಯನ್ನು ನೋಡಿ ಮನಸ್ಸನ್ನು ತಿಳಿಯುವಷ್ಟಾದ ಮೇಲೆ ತಂದೆಯು ಅವನ ಕೈಗೆ ಕೀಲಿಕೈಯನ್ನು ಕೊಡುತ್ತಿದ್ದನು. ಈಗ ಕಾಲವು ಬದಲಾಗಿದೆ. ವ್ಯವಹಾರವು ಒಂದು ಶಾಸ್ತ್ರವಾಗಿ, ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ಸ್ನಾತಕೋತ್ತರ ಪದವಿಯುಂಟಾಗಿದೆ, ಎಂ.ಬಿ.ಎ. ಎಂಬ ಮೂರಕ್ಷರಗಳು ಹಳ್ಳಿಯವರ ಬಾಯಲ್ಲಿಯೂ ಓಡಾಡುತ್ತಿವೆ. ಆದರೆ ಕೋಣೆಯೊಳಗೆ ಕುಳಿತು ಕಲಿತದ್ದು ಕೈಗೆ ಬಂದೀತೇ ಎಂಬ ಸಂದೇಹವು ಶಿಕ್ಷಣತಜ್ಞರಿಗೇ ಬಹುಕಾಲದಿಂದಲೂ ಇದೆ. ಅಮೇರಿಕೆಯ ಸಿನ್ಸಿನ್ಯಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರರು 1906ರಲ್ಲಿ ಇಂಜಿನಿಯರಿಂಗ ವಿದ್ಯಾರ್ಥಿಗಳನ್ನು ಸರದಿಯಂತೆ ತರಗತಿಗೂ ಕಾರ್ಖಾನೆಗೂ ಕಳಿಸುವ ಪದ್ಧತಿಯನ್ನು ಆರಂಭಿಸಿದರು. ನಮ್ಮ ದೇಶದಲ್ಲಿ 1979ರಲ್ಲಿ ಗುಜರಾಥದ ಆನಂದದಲ್ಲಿ ಸ್ಥಾಪಿತವಾದ ಗ್ರಾಮೀಣ ವ್ಯವಸ್ಥಾಪನ ಸಂಸ್ಥೆಯು ತನ್ನ ವಿದ್ಯಾರ್ಥಿಗಳು ಕೆಲಕಾಲ ಹಳ್ಳಿಯಲ್ಲಿದ್ದು ಕಲಿಯುವಂತೆ ಏರ್ಪಡಿಸಿದ್ದೂ ಇದಕ್ಕಾಗಿಯೇ.

ಎಂ.ಬಿ.ಎ. ಓದುವವರು ಬೇಸಿಗೆಯಲ್ಲಿ ಆರೆಂಟು ವಾರ ಯಾವದಾದರೊಂದು ಸಂಸ್ಥೆಯಲ್ಲಿ ಕೆಲಸ ಮಾಡಿ ವರದಿಯನ್ನೊಪ್ಪಿಸುವದು ಸಾಮಾನ್ಯ ವಾಡಿಕೆ. ನನ್ನ ಪಾಲಿಗೆ ಬಂದದ್ದು ಒಂದು ಸಕ್ಕರೆ ಕಾರ್ಖಾನೆ. ಬೇಸಿಗೆಯಲ್ಲಿ ಅಲ್ಲಿ ಗಾಣವೇ ನಿಂತಿರುತ್ತದೆ; ನಿಂತ ಗಾಣದ ಮುಂದೆ ಕಲಿಯುವದೇನು? ಆದುದರಿಂದ ನನ್ನ ಗುರುಗಳು 2024ರ ನವೆಂಬರಿನಿಂದ ಮಾರ್ಚದವರೆಗೆ ಇಡೀ ಹಂಗಾಮು ನನ್ನನ್ನು ಅಲ್ಲಿಯೇ ಇರಹೇಳಿದರು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳ ಕಬ್ಬು ಅಲ್ಲಿಗೆ ಬರುತ್ತಿದ್ದಿತು. ಕಾರ್ಖಾನೆಯ ಹೆಸರು ಇಲ್ಲಿ ಮುಖ್ಯವಲ್ಲವಾದ್ದರಿಂದ ವಾಚಕರು ಅದನ್ನು ಕೇಳಬಾರದು.

ಈ ಸೀಮೆಯು ವ್ಯವಹಾರಕ್ಕೆ ಹೊಸದಲ್ಲ. ಘಟಪ್ರಭೆಯು 170 ಅಡಿ ಕೆಳಕ್ಕೆ ಧುಮುಕುವ ಗೋಕಾಕ ಫಾಲ್ಸಿನಲ್ಲಿ 1885ರಲ್ಲಿಯೇ ನೂಲಿನ ಗಿರಣಿಯು ಸ್ಥಾಪಿತವಾಯಿತು. ಅದೇ ನೀರಿನಿಂದ ವಿದ್ಯುತ್ತೂ ಹುಟ್ಟಿತು. 1897ರಲ್ಲಿ ಧೂಪದಾಳದಲ್ಲಿ ಒಡ್ಡು ಕಟ್ಟಿದರು. ಮುಂದೆ ಹಿಡಕಲ್ಲಿನಲ್ಲಿ ಸರಕಾರವು ಕಟ್ಟಿದ ಜಲಾಶಯವು 51 ಟಿ.ಎಂ.ಸಿ. ನೀರನ್ನು ಹಿಡಿದಿಡುತ್ತದೆ. ಹುಕ್ಕೇರಿಯಲ್ಲಿ 1969ರಲ್ಲಿ ಜನರೇ ಸದಸ್ಯರಾಗಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ದೇಶದಲ್ಲಿ ಮೊದಲು ಹುಟ್ಟಿದ ಇಂಥ ಐದು ಸಂಘಗಳಲ್ಲಿ ಅದೊಂದು. ಹೀಗೆ ಬಂಡವಾಳಗಾರನ ರೀತಿ, ಸರಕಾರದ ರೀತಿ, ಸಹಕಾರದ ರೀತಿ ಈ ಮೂರನ್ನೂ ಇಲ್ಲಿ ಒಂದು ದಿನದ ಪ್ರಯಾಣದಲ್ಲಿ ಕಣ್ಣಾರೆ ಕಾಣಬಹುದು. ಮೂರಕ್ಕೂ ಮೂಲವು ಒಂದೇ ನದಿ. ಆ ನದಿಯ ನೀರೇ ಕಬ್ಬನ್ನೂ ತಂದಿತು.

ಮೊದಲ ಎರಡು ತಿಂಗಳು ನನ್ನನ್ನು ಒಬ್ಬ ಫೀಲ್ಡಮನ್ನರ ಬೆನ್ನಿಗೆ ಹಚ್ಚಿದರು. ಅವರ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಹಳ್ಳಿ ಹಳ್ಳಿ ತಿರುಗಿದೆನು. ಯಾರ ಕಬ್ಬು ಯಾವ ತಿಂಗಳು ನಾಟಿಯಾದದ್ದು, ಯಾವದು ಕೂಳೆ, ಯಾರ ಬಾವಿಯಲ್ಲಿ ನೀರು ಕಡಿಮೆ, ಯಾರ ಮಗಳ ಮದುವೆ ಫಾಲ್ಗುಣಕ್ಕೆ ಗೊತ್ತಾಗಿದೆ, ಎಲ್ಲವೂ ಅವರಿಗೆ ಬಾಯಿಪಾಠ. ಕಟಾವಿನ ಚೀಟಿಯನ್ನು ಬೇಗ ಕೊಡಿಸಿರೆಂದು ಎಲ್ಲರೂ ಅವರನ್ನು ಬೇಡುವರು. ತಡವಾದರೆ ಕಬ್ಬು ಸೂಲಂಗಿ ಬಿಟ್ಟು ಬೆಂಡಾಗುತ್ತದೆ. ನಮ್ಮ ಪುಸ್ತಕದಲ್ಲಿ ‘ಪೂರೈಕೆಯ ಸರಪಳಿ’ ಎಂಬ ಚಿತ್ರವೊಂದಿದ್ದಿತು: ನಾಲ್ಕು ಚೌಕಗಳು, ಅವುಗಳ ನಡುವೆ ಮೂರು ಬಾಣಗಳು. ಆ ಬಾಣಗಳೆಂದರೆ ಯಾರೆಂಬುದನ್ನು ನಾನು ಹೊಲದಲ್ಲಿ ಕಂಡೆನು. ಮುಂಗಡ ಹಣವನ್ನು ಪಡೆದು ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಬಂದು, ಹೊಲದಂಚಿಗೆ ಗುಡಿಸಲು ಹಾಕಿ, ಇನ್ನೂ ಕತ್ತಲೆಯಿರುವಾಗಲೇ ಕುಡುಗೋಲು ಹಿಡಿಯುವ ಗಂಡ ಹೆಂಡಿರು. ಅವರನ್ನು ಕರೆತಂದ ಮುಕಾದಮ. ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರಿನ ಚಾಲಕ. ಚಕ್ಕಡಿಯ ನೊಗಕ್ಕೆ ಹೆಗಲು ಕೊಟ್ಟ ಮೂಕ ಎತ್ತು.

ಮೂರನೆಯ ತಿಂಗಳಿಗೆ ನನ್ನನ್ನು ಕಾರ್ಖಾನೆಯ ಅಂಗಳಕ್ಕೆ ಹಾಕಿದರು. ರಾತ್ರಿ ಪಾಳಿಯಲ್ಲಿ ತೂಕದ ಕಾಟಾದ ಹತ್ತಿರ ಕುಳಿತು ಗಾಡಿಗಳನ್ನು ಬರೆದುಕೊಳ್ಳುವದು ನನ್ನ ಕೆಲಸ. ಗಾಣವು ಒಂದು ತಾಸು ನಿಂತಿತೆಂದರೆ ಅಂಗಳವು ತುಂಬಿ ಗಾಡಿಗಳ ಸಾಲು ಹೆದ್ದಾರಿಯವರೆಗೆ ಬೆಳೆಯುವದು. ಒಂದು ರಾತ್ರಿ, ತನ್ನ ಕಬ್ಬಿನ ಸಂಗಡ ತಾನೇ ಬಂದಿದ್ದ ಮೂಡಲಗಿ ಕಡೆಯ ಮುದುಕರೊಬ್ಬರು ಬೆಂಕಿ ಕಾಯಿಸುತ್ತ ನನ್ನನ್ನು ಕೇಳಿದರು: “ತಮ್ಮಾ, ನೀ ಓದಿದಾಂವ ಅದೀ. ಕಬ್ಬ ನಿಂತಲ್ಲೇ ಒಣಗಾಕತ್ತೈತಿ. ಈ ಒಣಗಿದ ತೂಕಾ ಯಾರ ಖಾತೇದಾಗ ಬರೀತೀರಿ?”

ಈ ಪ್ರಶ್ನೆಗೆ ನನ್ನ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಕಬ್ಬಿನ ದರವನ್ನು ಕೇಂದ್ರ ಸರಕಾರವು ಗೊತ್ತುಮಾಡುತ್ತದೆ. 2024-25ರ ಹಂಗಾಮಿಗೆ ಶೇಕಡಾ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ, ಎಂದರೆ ಟನ್ನಿಗೆ 3,400, ಇಳುವರಿ 0.1 ಹೆಚ್ಚಿದಂತೆಲ್ಲ ಕ್ವಿಂಟಲಿಗೆ 3 ರೂಪಾಯಿ 32 ಪೈಸೆ ಹೆಚ್ಚು. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ. ಹೀಗೆ ದರಕ್ಕೂ ನಿಯಮವುಂಟು, ಹಣದ ವಿಳಂಬಕ್ಕೂ ನಿಯಮವುಂಟು. ಆದರೆ ಗಾಡಿಯು ಕಾಟಾ ಏರುವ ಮೊದಲು ಅಂಗಳದಲ್ಲಿ ಕಳೆದ ಹೊತ್ತು ಯಾರ ಖಾತೆಯಲ್ಲಿಯೂ ಇಲ್ಲ. ಇಪ್ಪತ್ತು ಟನ್ನಿನ ಹೇರು ನೂರಕ್ಕೆ ಒಂದರಂತೆ ಒಣಗಿತೆಂದು ತಿಳಿಯಿರಿ. ಇನ್ನೂರು ಕಿಲೋ ಹೋಯಿತು, 680 ರೂಪಾಯಿ ಹೋಯಿತು. ಇದು ರೈತನ ಹಾನಿ. ಇತ್ತ ಕಡಿದ ಕಬ್ಬಿನೊಳಗಣ ಸಕ್ಕರೆಯ ಒಂದಂಶವು ತಾಸು ಕಳೆದಂತೆ ಹರಳುಗಟ್ಟದ ಬೇರೆ ಸಕ್ಕರೆಯಾಗುತ್ತ ಹೋಗುವದರಿಂದ ಕಾರ್ಖಾನೆಗೂ ಹಾನಿಯೇ. ಇಬ್ಬರೂ ಕಳೆದುಕೊಳ್ಳುವ ಹಣವು ಯಾರಿಗೂ ಕಾಣದೆ ಗಾಳಿಗೆ ಹೋಗುತ್ತಿದ್ದಿತು.

ನಾನು ಒಂದು ನೋಟುಬುಕ್ಕಿನಲ್ಲಿ ಪ್ರತಿಯೊಂದು ಗಾಡಿಯು ಬಾಗಿಲಿಗೆ ಬಂದ ವೇಳೆಯನ್ನೂ ಕಾಟಾ ಏರಿದ ವೇಳೆಯನ್ನೂ ಬರೆಯತೊಡಗಿದೆನು. ನಾಲ್ಕನೆಯ ತಿಂಗಳಿಗೆ ಅದು ವರದಿಯ ಒಂದು ಅಧ್ಯಾಯವೇ ಆಯಿತು. ಕರಡನ್ನು ನೋಡಿದ ಕಬ್ಬು ವಿಭಾಗದ ಅಧಿಕಾರಿಗಳು ನನ್ನನ್ನು ಕರೆದು ಬಾಗಿಲು ಮುಚ್ಚಿದರು. ಅವರು ಸಜ್ಜನರು, ನನಗೆ ಊಟದ ಡಬ್ಬಿಯನ್ನು ಮನೆಯಿಂದ ತರುತ್ತಿದ್ದವರು. “ನಿಮ್ಮ ಪರೀಕ್ಷೇಕ ಈ ಪಟ್ಟಿ ಬೇಕ ಏನ್ರಿ? ಇದು ಹೊರಗ ಬಿತ್ತಂದ್ರ ನಾಳೆ ಮಂದಿ ಇದನ್ನ ಹಿಡಕೊಂಡ ನನ್ನ ಮುಂದ ನಿಂದರತಾರ. ತಗದ ಬಿಡ್ರಿ” ಎಂದರು. ನನ್ನ ಪ್ರಮಾಣಪತ್ರಕ್ಕೆ ಸಹಿ ಮಾಡತಕ್ಕವರು ಅವರೇ. ಆ ಸಹಿಯಿಲ್ಲದೆ ಐದು ತಿಂಗಳೂ ವ್ಯರ್ಥ, ಪದವಿಯೂ ಒಂದು ವರ್ಷ ಹಿಂದಕ್ಕೆ. ನನ್ನ ಓದಿಗಾಗಿ ನಮ್ಮ ಮನೆಯಲ್ಲಿ ಮಾಡಿದ ಸಾಲದ ಕಂತು ಆ ವರ್ಷವೇ ಆರಂಭವಾಗುವದಿದ್ದಿತು. ಗುರುಗಳಿಗೆ ಫೋನು ಮಾಡಿದರೆ, “ಪಟ್ಟಿ ಬರೆದವನು ನೀನು, ಇಡುವವನೂ ನೀನೇ” ಎಂದಿಷ್ಟೇ ಹೇಳಿದರು.

ಎರಡು ದಿನ ವಿಚಾರ ಮಾಡಿದೆನು. ಪಟ್ಟಿಯು ಸುಳ್ಳೆಂದು ಅಧಿಕಾರಿಗಳು ಹೇಳಿರಲಿಲ್ಲ. ತಮ್ಮ ಕೈಮೀರಿದ ವಿಳಂಬಕ್ಕೆ ತಾವೇ ಹೊಣೆಗಾರರಾದೇವೆಂಬುದು ಅವರ ಭಯ. ಗಾಣ ಕೆಟ್ಟದ್ದು, ಒಂದೇ ದಿನ ಹತ್ತು ಗ್ಯಾಂಗುಗಳು ಕಡಿದು ಕಳಿಸಿದ್ದು, ಇವು ಅವರ ತಪ್ಪಾಗಿರಲಿಲ್ಲ. ಪಟ್ಟಿಯನ್ನು ನಾನು ತೆಗೆಯಲಿಲ್ಲ. ಅದಕ್ಕೆ ಎರಡು ಅಂಕಣಗಳನ್ನು ಕೂಡಿಸಿದೆನು: ಒಂದರಲ್ಲಿ ಪ್ರತಿಯೊಂದು ವಿಳಂಬದ ಕಾರಣ, ಇನ್ನೊಂದರಲ್ಲಿ ಅದರಿಂದ ಕಾರ್ಖಾನೆಗೇ ಆದ ಹಾನಿ. ಅಧಿಕಾರಿಗಳು ಮತ್ತೆ ಓದಿ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಈ ಕಡೇ ಕಾಲಮ್ಮು ನಮ್ಮ ಮ್ಯಾಲಿನವರೂ ನೋಡಬೇಕಾದದ್ದ ಐತಿ” ಎಂದು ಸಹಿ ಮಾಡಿದರು. ಅಂಗಳವೇನೂ ಮರುದಿನವೇ ಬದಲಾಗಲಿಲ್ಲ. ಒಬ್ಬ ವಿದ್ಯಾರ್ಥಿಯ ಪಟ್ಟಿಯಿಂದ ಅಷ್ಟು ಆಗುವದೂ ಇಲ್ಲ. ಮುದುಕರ ಪ್ರಶ್ನೆಯು ಒಂದು ಕಾಗದದ ಮೇಲೆ ಮೂಡಿ ಕಚೇರಿಯೊಳಗೆ ಹೋಯಿತು, ಅಷ್ಟೇ.

ಅದೇ ವರ್ಷ, 2025ರ ನವೆಂಬರಿನಲ್ಲಿ, ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿಯ ದರವನ್ನು ಬೇಡಿ ಹಗಲಿರುಳು ಧರಣಿ ಕುಳಿತರು. ನಾನು ಮೋಟರ್ ಸೈಕಲ್ಲಿನ ಮೇಲೆ ತಿರುಗಾಡಿದ ಸೀಮೆಯೇ ಅದು. ಕೊನೆಗೆ ರಾಜ್ಯ ಸರಕಾರವು ನಡುವೆ ಬಂದು 3,300ಕ್ಕೆ ಒಪ್ಪಂದವಾಯಿತು. ವೃತ್ತಪತ್ರಗಳಲ್ಲಿ ಆ ಸಂಖ್ಯೆಗಳನ್ನೋದುವಾಗ ಅವುಗಳ ಹಿಂದಿನ ಲೆಕ್ಕವೆಲ್ಲವೂ ನನ್ನ ಕಣ್ಣಿಗೆ ಕಟ್ಟಿದಂತಾಯಿತು: ಕಡಿಯುವವರ ಕೂಲಿ, ಸಾಗಿಸುವ ಬಾಡಿಗೆ, ಇಳುವರಿಯ ದಶಾಂಶ, ಅಂಗಳದ ರಾತ್ರಿಗಳು. ತರಗತಿಯಲ್ಲಿಯೇ ಉಳಿದಿದ್ದರೆ ಇನ್ನೂರು ರೂಪಾಯಿಯ ಆ ಅಂತರಕ್ಕಾಗಿ ಜನರು ರಸ್ತೆಯ ಮೇಲೇಕೆ ಮಲಗಿದರೆಂಬುದು ನನಗೆ ತಿಳಿಯುತ್ತಿರಲಿಲ್ಲ.

ಆದುದರಿಂದ ನನ್ನದೊಂದು ಬಿನ್ನಹವಿದೆ. ಎಂಟು ವಾರಗಳಲ್ಲಿ ವಿದ್ಯಾರ್ಥಿಯು ಸಂಸ್ಥೆಯ ಬಾಗಿಲನ್ನೂ ಮೇಜನ್ನೂ ನೋಡಿ ಬರುತ್ತಾನೆ. ನಾನು ಎಂಟು ವಾರಕ್ಕೆ ಮರಳಿದ್ದರೆ ಫೀಲ್ಡಮನ್ನರ ಸಂಗಡ ಊರುಗಳನ್ನು ನೋಡಿದಷ್ಟೇ ಲಾಭ. ಮುದುಕರ ಪ್ರಶ್ನೆಯೂ ಇರುತ್ತಿರಲಿಲ್ಲ, ಬಾಗಿಲು ಮುಚ್ಚಿದ ಕೋಣೆಯ ಆ ಎರಡು ದಿನಗಳೂ ಇರುತ್ತಿರಲಿಲ್ಲ. ಜಿಲ್ಲೆಯಲ್ಲಿ ಗಿರಣಿ, ಕಾರ್ಖಾನೆ, ಸಹಕಾರಿ ಸಂಘಗಳನ್ನು ನಡೆಯಿಸುವ ಮಹನೀಯರು ನಮ್ಮ ತರುಣರನ್ನು ಒಂದು ಪೂರ್ಣ ಹಂಗಾಮು ತಮ್ಮಲ್ಲಿರಿಸಿಕೊಂಡು, ಹಗಲಿನ ಕಚೇರಿಯ ಸಂಗಡ ರಾತ್ರಿಯ ಅಂಗಳವನ್ನೂ ತೋರಿಸಬೇಕು. ಹಾಗೆ ಕಲಿತವನು ನಾಳೆ ಸಹಿ ಮಾಡುವ ಕುರ್ಚಿಯಲ್ಲಿ ಕುಳಿತಾಗ, ಹೊರಗೆ ಎಷ್ಟು ಗಾಡಿಗಳು ನಿಂತಿವೆಯೆಂದು ಒಮ್ಮೆಯಾದರೂ ಕಿಟಕಿಯಿಂದ ನೋಡಿಯಾನು.