ಸಾಣೆ ಮತ್ತು ಸಂಪಾದನೆ

ಅಲಗನ್ನು ಹರಿತಗೊಳಿಸುವುದು ಒಂದು ಕೆಲಸ. ಅದನ್ನು ಕನ್ನಡಿಯಾಗಿಸುವುದು ಇನ್ನೊಂದು. ಹಳೆಯ ಗ್ರಂಥಗಳ ಪಾಠಪರಿಷ್ಕರಣವನ್ನು ತರಗತಿಯಲ್ಲಿ ವಿವರಿಸುವಾಗ ನಾನು ಈ ವ್ಯತ್ಯಾಸದಿಂದಲೇ ತೊಡಗುತ್ತೇನೆ. ಲೋಕಾಪುರದ ಸುತ್ತಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಕುಡುಗೋಲು, ಕೊಯ್ತಾ, ಈಳಿಗೆಗಳು ಮನೆಯ ವಸ್ತುಗಳು, ಓಲೆಗರಿಯೇ ದೂರದ್ದು.

ಮನೆಯ ಚೂರಿಯನ್ನು ಕಲ್ಲಿಗೆ ಸುಮಾರು 15ರಿಂದ 20 ಡಿಗ್ರಿ ಕೋನದಲ್ಲಿ ಹಿಡಿದು, ಆ ಕೋನ ಕದಲದಂತೆ ಮಸೆಯಬೇಕು. ಒರಟು ಕಲ್ಲು ಅಂಚನ್ನು ರೂಪಿಸುತ್ತದೆ, ಜೊತೆಗೆ ಗೀರುಗಳನ್ನೂ ಬಿಡುತ್ತದೆ. ಅನಂತರದ ನಯವಾದ ಕಲ್ಲು ಆ ಗೀರುಗಳನ್ನು ಪೂರ್ತಿಯಾಗಿ ಅಳಿಸಿ, ತನ್ನ ಸೂಕ್ಷ್ಮತರ ಗೀರುಗಳನ್ನು ಉಳಿಸುತ್ತದೆ. 1000, 3000, 8000 ಸಂಖ್ಯೆಯ ಕಲ್ಲುಗಳು ಹೀಗೆ ಒಂದರ ಬೆನ್ನಿಗೊಂದು ಬರುತ್ತವೆ. ಕೊನೆಯಲ್ಲಿ ನುಣುಪುಗೊಳಿಸುವ ಪುಡಿ ಸವರಿದ ಚರ್ಮದ ಪಟ್ಟಿ. ಗೀರುಗಳ ಆಳ ಬೆಳಕಿನ ತರಂಗಾಂತರಕ್ಕಿಂತ ಬಹಳ ಕಡಿಮೆಯಾದಾಗ ಬೆಳಕು ಚದುರದೆ ಮರಳುತ್ತದೆ, ಲೋಹ ಕನ್ನಡಿಯಾಗುತ್ತದೆ. ನಡುವಿನ ಕಲ್ಲನ್ನು ಬಿಟ್ಟು ನೇರವಾಗಿ ಹೊಳಪಿಗೆ ಹಾರಿದವನ ಅಲಗೂ ಮಿಂಚುತ್ತದೆ. ಆದರೆ ಬೆಳಕಿಗೆ ಓರೆಯಾಗಿ ಹಿಡಿದರೆ ಮೊದಲ ಕಲ್ಲಿನ ಗೀರುಗಳು ಆ ಮಿಂಚಿನ ಕೆಳಗೇ ಕುಳಿತಿರುತ್ತವೆ.

ಎಲ್ಲ ಅಲಗಿಗೂ ಈ ಕನ್ನಡಿ ಬೇಕೆ? ಕ್ಷೌರದ ಕತ್ತಿಗೆ ಬೇಕು. ಅದು ಚರ್ಮವನ್ನು ನೋಯಿಸದೆ ಕೂದಲನ್ನಷ್ಟೇ ಕತ್ತರಿಸಬೇಕು. ಟೊಮೇಟೊ ಸಿಪ್ಪೆಯ ಮೇಲಾದರೋ ತುಸು ಒರಟಾಗಿ ಉಳಿಸಿದ ಅಂಚೇ ಚೆನ್ನಾಗಿ ಕಚ್ಚುತ್ತದೆ, ಏಕೆಂದರೆ ಕಣ್ಣಿಗೆ ಕಾಣದ ಹಲ್ಲುಗಳು ಅದರಲ್ಲಿ ಉಳಿದಿರುತ್ತವೆ. ಕಬ್ಬಿನ ಬುಡಕ್ಕೆ, ಮಣ್ಣಿಗೆ ತಾಗುತ್ತ ಬೀಳುವ ಕೊಯ್ತಾಕ್ಕೆ ಅರದ ಉಜ್ಜು ಸಾಕು. ಅಲ್ಲಿ ಕನ್ನಡಿ ಒಂದು ಸಾಲಿನ ಕೊನೆಯವರೆಗೂ ಬಾಳದು.

‘ಬಾಳದು’ ಎಂದೆ. ನನ್ನ ವಿಷಯವಿರುವುದು ಈ ಪದದಲ್ಲಿಯೇ. ಲೋಕಾಪುರವನ್ನೊಳಗೊಂಡ ಮುಧೋಳ ಸೀಮೆ ರನ್ನನ ಹುಟ್ಟುನೆಲ. ಅವನ ‘ಅಜಿತಪುರಾಣ’ ಕ್ರಿ.ಶ. 993ರ ಕೃತಿ. ಅಂದಿನ ಕನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಬದುಕು. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ ವಿವರಿಸಿದನು. ಜನರ ನಾಲಗೆಯಿಂದ ೞಕಾರ ಕ್ರಮೇಣ ಮರೆಯಾಯಿತು. ಮುಂದಿನ ಲಿಪಿಕಾರರು ತಮ್ಮ ಕಾಲದ ಕಿವಿಗೆ ಒಪ್ಪುವಂತೆ ಎಷ್ಟೋ ಕಡೆ ೞಕಾರವನ್ನೂ ಳಕಾರವಾಗಿಯೇ ಓಲೆಯ ಮೇಲೆ ಕೊರೆದರು. ಅವರ ಉದ್ದೇಶ ಕೆಡಿಸುವುದಲ್ಲ, ನಯಗೊಳಿಸುವುದು. ಆದರೆ ಆ ನಯದಲ್ಲಿ ಕತ್ತಿಗೂ ಬದುಕಿಗೂ ಇದ್ದ ಗಡಿ ಸವೆದುಹೋಯಿತು.

ಸಂಪಾದಕನ ಸಾಣೆ ಅಳಿಸಬೇಕಾದುದು ಲಿಪಿಕಾರನ ಗೀರನ್ನು, ಕವಿಯ ಹಲ್ಲನ್ನಲ್ಲ. ಎರಡು ಪಾಠಗಳು ಎದುರಾದಾಗ ಕ್ಲಿಷ್ಟವಾದುದನ್ನು ಸುಲಭಕ್ಕೆ ತಳ್ಳಿಹಾಕಬಾರದೆಂಬ ಸೂತ್ರದ ಅರ್ಥ ಇಷ್ಟೆ: ಕಷ್ಟದ ಪದವನ್ನು ಸುಲಭಗೊಳಿಸುವುದು ಕೈಯ ಸಹಜ ಪ್ರವೃತ್ತಿ, ಸುಲಭದ್ದನ್ನು ಕಷ್ಟಗೊಳಿಸುವವರು ವಿರಳ. ಈ ಸೂತ್ರವೂ ಕುರುಡಲ್ಲ. ಅರ್ಥ, ಛಂದಸ್ಸು, ಪ್ರತಿಗಳ ಪರಂಪರೆ ಎಂಬ ಕಲ್ಲುಗಳನ್ನು ಒಂದೊಂದಾಗಿ ದಾಟಿಯೇ ತೀರ್ಮಾನಕ್ಕೆ ಬರಬೇಕು. ನಡುವಿನ ಒಂದನ್ನು ಬಿಟ್ಟ ಆವೃತ್ತಿಗೂ ಹೊಳಪಿರುತ್ತದೆ.

ಇಂದು ಹಳಗನ್ನಡ ಪಠ್ಯಗಳನ್ನು ಗಣಕಕ್ಕೆ ಏರಿಸುವ ಸಂಶೋಧಕರಲ್ಲಿ ಕೆಲವರು ಕೀಲಿಮಣೆಯ ಅನುಕೂಲಕ್ಕಾಗಿ ೞ, ಱಗಳನ್ನು ಳ, ರ ಎಂದೇ ಒತ್ತುತ್ತಾರೆ. ಯೂನಿಕೋಡ್‌ನಲ್ಲಿ ಎರಡಕ್ಕೂ ಸ್ಥಾನವಿದೆ. ಓಲೆಗರಿಯ ಲಿಪಿಕಾರನ ಪ್ರತಿ ಒಂದು ಮಠದಲ್ಲಿಯೋ ಬಸದಿಯಲ್ಲಿಯೋ ಉಳಿಯುತ್ತಿತ್ತು. ನಮ್ಮ ಪ್ರತಿ ಒಂದೇ ದಿನದಲ್ಲಿ ನೂರು ಕಡೆ ನಕಲಾಗುತ್ತದೆ. ಹೊಳಪಿನ ಪಠ್ಯ ಕಂಡಾಗ ನಾವು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು.