ಪದವಿನ ಹಂದಿ ಬೇಟೆ

ಕಾಸರಗೋಡು ಸೀಮೆಯ ಹಂದಿ ಬೇಟೆಯಲ್ಲಿ ದಾರಿ ತೋರಿಸುವುದನ್ನೇ ಕಸುಬಾಗಿ ಮಾಡಿಕೊಂಡವರು ಇರಲಿಲ್ಲ. ಹೊರಟವನೇ ಜಾಡು ಹಿಡಿಯಬೇಕು, ಗಾಳಿ ನೋಡಬೇಕು, ಈಡು ಹೊಡೆಯಬೇಕು. ಗಾಯಗೊಂಡ ಹಂದಿ ಪೊದೆ ಹೊಕ್ಕರೆ ಅದರ ಹಿಂದೆ ಹೋಗುವವನೂ ಅವನೇ. ದಕ್ಷಿಣ ಆಫ್ರಿಕಾದಲ್ಲಿ ಹೊರದೇಶದಿಂದ ಬಂದ ಬೇಟೆಗಾರ ಪರವಾನಗಿ ಪಡೆದ ವೃತ್ತಿಪರ ಬೇಟೆಗಾರನ ಜೊತೆಯಿಲ್ಲದೆ ದೊಡ್ಡ ಪ್ರಾಣಿಯ ಬೇಟೆಗೆ ಹೋಗುವಂತಿಲ್ಲ, ಅಲ್ಲಿನ ಕಾನೂನೇ ಹಾಗಿದೆ. ಅಲ್ಲಿ ಕೂಲಿ ಕೊಟ್ಟು ಪಡೆಯುವ ತಿಳಿವಳಿಕೆ ಇಲ್ಲಿ ತೋಟ ಕಾಯುವ ಕೆಲಸದ ಜೊತೆಗೇ ಮೈಗೂಡುತ್ತಿತ್ತು. ಈಡಿಗಿಂತ ಮೊದಲಿನ ಆ ತಿಳಿವಳಿಕೆಯೇ ಬೇಟೆಯ ನಿಜವಾದ ರುಚಿ.

ಅಡೂರು, ದೇಲಂಪಾಡಿ, ಕಾರಡ್ಕ, ಎಣ್ಮಕಜೆ ಕಡೆಯ ನೆಲ ಹಂದಿಗೆ ಹೇಳಿ ಮಾಡಿಸಿದಂತಿದೆ. ಮೇಲೆ ಮುರಕಲ್ಲಿನ ಬಟಾಬಯಲು ಪದವು, ಇಳಿಜಾರಿನಲ್ಲಿ ಗೇರುತೋಪು ಮತ್ತು ಕುರುಚಲು ಕಾಡು, ಕೆಳಗೆ ನೀರಿನ ಪಸೆಯಿರುವ ಅಡಿಕೆ ತೋಟ, ಗದ್ದೆ. ಹಗಲೆಲ್ಲ ಲಂಟಾನದ ಪೊದೆಯಲ್ಲೋ ಪಾಳುಬಿದ್ದ ಕಲ್ಲುಕೋರೆಯ ಬದಿಯಲ್ಲೋ ಮಲಗುವ ಹಿಂಡು ಕತ್ತಲಾದ ಮೇಲೆ ಇಳಿಯುತ್ತದೆ. ಮರಗೆಣಸು, ಕೆಸು, ಬಾಳೆಯ ಬುಡ, ಎರೆಹುಳು, ಬಿದ್ದ ಹಣ್ಣು, ಹೀಗೆ ಸಿಕ್ಕಿದ್ದೆಲ್ಲ ಆಹಾರ. ಕಣ್ಣು ಮಂದ, ಕಿವಿ ಚುರುಕು, ಮೂಗಿಗಂತೂ ಸಾಟಿಯಿಲ್ಲ. ತಾಯಿಹಂದಿಗಳು ಮರಿಗಳೊಂದಿಗೆ ಹಿಂಡಿನಲ್ಲಿದ್ದರೆ ಬಲಿತ ಗಂಡು ಸಾಮಾನ್ಯವಾಗಿ ಒಂಟಿ. ನೂರು ಕಿಲೋ ದಾಟಿದ ಒಂಟಿಗಗಳೂ ಇರುತ್ತವೆ.

ಮುರಕಲ್ಲಿನ ಮೇಲೆ ಗೊರಸಿನ ಗುರುತು ಮೂಡುವುದಿಲ್ಲ. ಹಾಗಾಗಿ ಇಲ್ಲಿ ಜಾಡು ಹಿಡಿಯುವುದೆಂದರೆ ಒಂದು ಕೆಸರಿನಿಂದ ಇನ್ನೊಂದು ಕೆಸರಿಗೆ ಊಹೆಯ ಸೇತುವೆ ಕಟ್ಟುವ ಕೆಲಸ. ತೋಟದ ಕಣಿಯ ಅಂಚಿನಲ್ಲಿ ಎರಡು ಸೀಳಿನ ಗೊರಸು, ಅದರ ಹಿಂದೆ ಅಗಲಕ್ಕೆ ಒತ್ತಿದ ಹಿಂಗೊರಸಿನ ಎರಡು ಚುಕ್ಕೆ ಕಂಡರೆ ಅದು ಹಂದಿಯೇ. ಕಡವೆಯ ಹಿಂಗೊರಸು ಗಟ್ಟಿನೆಲದಲ್ಲಿ ಅಷ್ಟು ಸುಲಭವಾಗಿ ಊರುವುದಿಲ್ಲ. ಗುರುತಿನ ಅಂಚು ಇನ್ನೂ ಹರಿತವಾಗಿದೆಯೇ, ಒಣಗಿ ಉದುರಿದೆಯೇ, ಅದರೊಳಗೆ ನೀರು ಜಿನುಗಿ ತಿಳಿಯಾಗಿದೆಯೇ ಎಂಬುದರಿಂದ ಹಂದಿ ದಾಟಿದ ಹೊತ್ತು ತಿಳಿಯುತ್ತದೆ. ಕಣಿ ದಾಟಿದ ಮೇಲೆ ಗೊರಸು ಸಿಗದು, ಬೇರೆ ಸಾಕ್ಷಿ ಹುಡುಕಬೇಕು. ಮಗುಚಿಬಿದ್ದ ಕಲ್ಲಿನ ತಳಭಾಗ ಮೇಲಾಗಿ ಇನ್ನೂ ತೇವದಿಂದ ಕಪ್ಪಗಿದ್ದರೆ ಹಂದಿ ಹೋಗಿ ಹೆಚ್ಚು ಹೊತ್ತಾಗಿಲ್ಲ. ಬೆಳಗಿನ ಇಬ್ಬನಿ ಹೊತ್ತ ಮುಳಿಹುಲ್ಲಿನಲ್ಲಿ ಹಿಂಡು ಹಾದ ದಾರಿ ಮಂಕು ಗೆರೆಯಾಗಿ ಕಾಣುತ್ತದೆ, ಬಿಸಿಲೇರಿದರೆ ಆ ಬರಹ ಅಳಿಸಿಹೋಯಿತು. ಪೊದೆಯ ಕಿಂಡಿಗೆ ಅಡ್ಡಲಾಗಿ ಜೇಡರಬಲೆ ಇಡಿಯಾಗಿದ್ದರೆ ಬಲೆ ಕಟ್ಟಿದ ಮೇಲೆ ಅಲ್ಲಿ ಯಾವುದೂ ನುಗ್ಗಿಲ್ಲ. ಕೆಸರುಗುಂಡಿಯಲ್ಲಿ ಹೊರಳಿ ಎದ್ದ ಹಂದಿ ಹತ್ತಿರದ ಮರಕ್ಕೆ ಮೈಯುಜ್ಜುತ್ತದೆ. ಕಾಂಡಕ್ಕೆ ಮೆತ್ತಿದ ಮಣ್ಣು ಮೊಣಕಾಲಿನ ಎತ್ತರಕ್ಕಿದೆಯೋ ತೊಡೆಯ ಎತ್ತರಕ್ಕಿದೆಯೋ ನೋಡಿದರೆ ಗಾತ್ರವೂ ಗೊತ್ತಾಗುತ್ತದೆ. ಇಷ್ಟನ್ನು ಓದಬಲ್ಲವನಿಗೆ ಹಂದಿಯನ್ನು ಕಾಣುವ ಮೊದಲೇ ಅದರ ಪರಿಚಯ ಆಗಿರುತ್ತದೆ. ಬೇಟೆಯಲ್ಲಿ ಇದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ.

ಜಾಡು ಒಂದು ಪೊದೆಯೊಳಗೆ ಹೋಗಿ ಹೊರಬಂದಿಲ್ಲವೆಂದಾದರೆ ಮುಂದಿನದು ಸೋವು. ಒಂದು ಕಡೆಯಿಂದ ಜನ, ನಾಯಿಗಳು ಗದ್ದಲ ಎಬ್ಬಿಸುತ್ತ ನುಗ್ಗುವುದು, ಇನ್ನೊಂದು ಕಡೆ ಹಂದಿ ದಾಟುವ ಗಂಡಿಗಳಲ್ಲಿ ಕೋವಿಯವರು ನಿಲ್ಲುವುದು. ಯಾವ ಕಡೆಯಿಂದ ಸೋಯಬೇಕೆಂಬುದನ್ನು ಗಾಳಿ ಹೇಳುತ್ತದೆ. ಕರಾವಳಿಗೆ ಹತ್ತಿರದ ಈ ನೆಲದಲ್ಲಿ ಬೇಸಗೆಯ ಗಾಳಿಗೊಂದು ನಿಯಮವಿದೆ: ಮುಂಜಾನೆ ಘಟ್ಟದ ಕಡೆಯಿಂದ ಕಡಲಿಗೆ, ಬಿಸಿಲೇರಿದ ಮೇಲೆ ಕಡಲಿನಿಂದ ಘಟ್ಟಕ್ಕೆ. ಹತ್ತು ಗಂಟೆಯ ನಂತರದ ಸೋವಾದರೆ ಜನ ಪಡುವಣದಿಂದ ನುಗ್ಗಬೇಕು, ಕೋವಿ ಮೂಡಣದಲ್ಲಿ ನಿಲ್ಲಬೇಕು. ಆಗ ಸೋಯುವವರ ವಾಸನೆ ಹಂದಿಯನ್ನು ಮುಂದಕ್ಕೆ ತಳ್ಳುತ್ತದೆ, ಕಾದು ನಿಂತವನ ವಾಸನೆ ಅವನ ಬೆನ್ನ ಹಿಂದಕ್ಕೆ ಹೋಗುತ್ತದೆ. ಬೆಳಗ್ಗೆ ಹಾಕಿದ ಲೆಕ್ಕವನ್ನೇ ಮಧ್ಯಾಹ್ನಕ್ಕೂ ಹಿಡಿದುಕೊಂಡರೆ ಹಂದಿ ಸೋವಿನ ಸಾಲನ್ನೇ ಸೀಳಿಕೊಂಡು ಹಿಂದಕ್ಕೆ ಪಾರಾಗುತ್ತದೆ.

ಹಳೆಯ ಕಾಲದ ಆಯುಧ ಹೆಚ್ಚಾಗಿ ಕೇಪಿನ ಬೆಡಿ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಸೀಸದ ಗುಂಡೋ ಚರೆಯೋ ಹಾಕಿ ಮತ್ತೆ ನಾರು ಜಡಿಯಬೇಕು. ಒಂದು ಸಲಕ್ಕೆ ಒಂದೇ ಈಡು, ತಪ್ಪಿದರೆ ಮತ್ತೆ ತುಂಬಿಸುವಷ್ಟು ಪುರುಸೊತ್ತನ್ನು ಹಂದಿ ಕೊಡುವುದಿಲ್ಲ. ಆದ್ದರಿಂದ ಹತ್ತಿರ ಬರುವವರೆಗೆ ಉಸಿರು ಬಿಗಿಹಿಡಿದು ಕಾಯುವ ಅಭ್ಯಾಸ ಬೇಟೆಗಾರನಿಗೆ ತಾನಾಗಿ ಬರುತ್ತಿತ್ತು. ಗುರಿ ಮುಂಗಾಲಿನ ಹಿಂದೆ, ಎದೆಯ ಕೆಳಭಾಗಕ್ಕೆ. ಗಂಡುಹಂದಿಯ ಹೆಗಲಿನ ತೊಗಲು ಗಟ್ಟಿ ಗುರಾಣಿಯಂತೆ ದಪ್ಪಗಿರುತ್ತದೆ, ಅಲ್ಲಿ ಬಿದ್ದ ಚರೆ ಒಳಕ್ಕಿಳಿಯುವುದು ಕಷ್ಟ.

ಗಾಯಗೊಂಡ ಒಂಟಿಗ ಪೊದೆ ಹೊಕ್ಕಾಗ ಬೇಟೆಗಾರನ ಯೋಗ್ಯತೆ ಗೊತ್ತಾಗುತ್ತದೆ. ಕೆಳದವಡೆಯ ಕೋರೆ ಮೇಲಿನದಕ್ಕೆ ಉಜ್ಜಿ ಉಜ್ಜಿ ಸದಾ ಮಸೆದುಕೊಂಡೇ ಇರುತ್ತದೆ. ಹಂದಿ ತಲೆ ತಗ್ಗಿಸಿ ನುಗ್ಗಿ ಕೆಳಗಿನಿಂದ ಮೇಲಕ್ಕೆ ಸೀಳುವುದರಿಂದ ಮನುಷ್ಯನಿಗೆ ಗಾಯವಾಗುವುದು ತೊಡೆಗೆ, ನಾಯಿಗೆ ಹೊಟ್ಟೆಗೆ. ಎಲೆಯ ಮೇಲಿನ ರಕ್ತ ನೊರೆನೊರೆಯಾಗಿದ್ದರೆ ಪುಪ್ಪುಸಕ್ಕೆ ತಗಲಿದೆ, ಹೆಚ್ಚು ದೂರ ಹೋಗದು. ಕಪ್ಪಗಿದ್ದು ಹೊಟ್ಟೆಯ ಕಸ ಬೆರೆತಿದ್ದರೆ ಬಹಳ ಹೊತ್ತು ಕಾದು ಹೋಗಬೇಕು. ನೋವು ತಿನ್ನುವ ಪ್ರಾಣಿಯನ್ನು ಹಾಗೇ ಬಿಟ್ಟು ಮನೆಗೆ ಹೋದವನನ್ನು ಒಳ್ಳೆಯ ಬೇಟೆಗಾರರು ಜೊತೆಗೆ ಸೇರಿಸುವುದಿಲ್ಲ, ಸೇರಿಸಲೂಬಾರದು. ಇದೇ ಮಣ್ಣಿನ ಅನುಭವಗಳನ್ನು ಪುತ್ತೂರು ಕಡೆಯ ಕೆದಂಬಾಡಿ ಜತ್ತಪ್ಪ ರೈಗಳು ‘ಬೇಟೆಯ ನೆನಪುಗಳು’ ಕೃತಿಯಲ್ಲಿ ಬರೆದಿಟ್ಟಿದ್ದಾರೆ.

ಬೆಳೆ ಹಾಳುಮಾಡುವ ಈ ಪ್ರಾಣಿಯೇ ತುಳುನಾಡಿನಲ್ಲಿ ಪಂಜುರ್ಲಿ ಭೂತವಾಗಿ ಬೆಳೆಯನ್ನೂ ಮನೆತನವನ್ನೂ ಕಾಯುತ್ತದೆ. ಜಿಲ್ಲೆಯ ದಕ್ಷಿಣಕ್ಕೆ, ಹೊಸದುರ್ಗದ ಕಡೆ, ತೀಯ ಸಮುದಾಯದ ತರವಾಡು ಮನೆಗಳಲ್ಲಿ ವಯನಾಟ್ಟು ಕುಲವನ್ ದೈವದ ತೆಯ್ಯಂ ಉತ್ಸವ ನಡೆಯುತ್ತದೆ. ಹಲವು ವರ್ಷಗಳಿಗೊಮ್ಮೆ ಬರುವ ಆ ಉತ್ಸವಕ್ಕೆ ಮೊದಲು ಊರವರು ಗುಂಪಾಗಿ ಕಾಡಿಗೆ ಬೇಟೆಗೆ ಹೋಗುವ ಪದ್ಧತಿಯಿತ್ತು. ತಂದ ಮಾಂಸದ ಮುಂದೆ ಕಂಡನಾರ್ ಕೇಳನ್ ತೆಯ್ಯಂ ನಡೆಸುವ ‘ಬಪ್ಪಿಡಲ್’ ವಿಧಿ ಅದಕ್ಕೆ ಸಂಬಂಧಿಸಿದ್ದೇ. ಹಂದಿಯ ಪಾಲು ಹಂಚುವುದಕ್ಕೂ ಊರೂರಿಗೆ ಕಟ್ಟುಪಾಡಿತ್ತು: ಈಡು ಹೊಡೆದವನಿಗೆ, ಸೋದವರಿಗೆ, ನಾಯಿ ತಂದವನಿಗೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಾದ ತಿದ್ದುಪಡಿ, ಇವೆರಡರಿಂದ ಹವ್ಯಾಸದ ಬೇಟೆ ಮುಗಿಯಿತು. ಹುಲಿ, ಕಡವೆಗಳ ಗತಿ ನೋಡಿದರೆ ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಹಂದಿಯ ಸಂಖ್ಯೆ ಮತ್ತು ಕೃಷಿಕರ ನಷ್ಟ ಎರಡೂ ಏರಿದವು. ಹಂದಿಯನ್ನು ಉಪದ್ರವಿ ಪ್ರಾಣಿಯೆಂದು ಘೋಷಿಸುವಂತೆ ಕೇರಳ ಕೇಂದ್ರವನ್ನು ಮತ್ತೆ ಮತ್ತೆ ಕೇಳಿದರೂ ಒಪ್ಪಿಗೆ ಸಿಗಲಿಲ್ಲ. 2022ರಲ್ಲಿ ರಾಜ್ಯ ಸರಕಾರ ಪಂಚಾಯತು ಅಧ್ಯಕ್ಷರಿಗೂ ನಗರಸಭೆಗಳ ಅಧ್ಯಕ್ಷರಿಗೂ ಗೌರವ ವನ್ಯಜೀವಿ ವಾರ್ಡನ್ ಸ್ಥಾನ ಕೊಟ್ಟು, ಬೆಳೆಗೆ ಕಾಟ ಕೊಡುವ ಹಂದಿಯನ್ನು ಪರವಾನಗಿಯ ಕೋವಿ ಇರುವವರಿಂದ ಕೊಲ್ಲಿಸುವ ಅಧಿಕಾರ ನೀಡಿತು. ಆ ಆದೇಶದಂತೆ ವಿಷ, ಸ್ಫೋಟಕ, ವಿದ್ಯುತ್ ಆಘಾತದಿಂದ ಕೊಲ್ಲುವುದು ನಿಷಿದ್ಧ. ಸತ್ತ ಹಂದಿಯನ್ನು ತಿನ್ನುವಂತಿಲ್ಲ, ಹೂಳಬೇಕು. ಪಂಚಾಯತು ಕರೆಸುವ ಕೋವಿಯವನಿಗೂ ಮೊದಲು ಬೇಕಾಗುವುದು ಅದೇ ಜಾಡಿನ ಓದು, ಅದೇ ಗಾಳಿಯ ಲೆಕ್ಕ. ಅದರ ಮೇಲೆ ಈಗ ಇನ್ನೊಂದು ಎಚ್ಚರ ಸೇರಿದೆ: ಪದವಿನ ಅಂಚಿನವರೆಗೂ ಮನೆಗಳೆದ್ದಿವೆ, ಬೆಳಗಿನ ಕತ್ತಲಲ್ಲೇ ರಬ್ಬರ್ ತೋಟಕ್ಕೆ ಟ್ಯಾಪಿಂಗಿನವರು ಬರುತ್ತಾರೆ. ಹಾಗಾಗಿ ಹಂದಿಯ ಬೆನ್ನ ಹಿಂದೆ ಗುಂಡನ್ನು ನುಂಗುವಂಥ ಮಣ್ಣಿನ ದರೆ ಇರುವ ಜಾಗ ನೋಡಿಯೇ ಅವನು ನಿಲ್ಲಬೇಕು. ಅಂಥ ಜಾಗ ಸಿಗದಿದ್ದರೆ ಹಂದಿ ಎದುರಿಗೇ ಬಂದರೂ ಈಡು ಹೊಡೆಯುವಂತಿಲ್ಲ.